ಅಕ್ಕನ ಮನೆ ಗೋಡೆ ಮೇಲಿನ ಅಕ್ಷರ

ದಾವಣಗೆರೆಯಲ್ಲಿ ಅಕ್ಕನ ಮನೆಯ ಹಾಲ್‌ನಲ್ಲಿ, ಟಿವಿ ಪಕ್ಕದ ಗೋಡೆ ಮೇಲೆ ಒಂದು ಫ್ರೇಮ್ ಇದೆ. ಒಳಗೆ ಕಪ್ಪು ಮಸಿಯಲ್ಲಿ ಬರೆದ ಒಂದೇ ಒಂದು ಚೀನೀ ಅಕ್ಷರ. ಅದರ ಕೆಳಗೆ ಕನ್ನಡದಲ್ಲಿ ನನ್ನ ಕೈಬರಹ: "ದೇವರ ಮುಂದೆ ಒಬ್ಬನೇ." ಗೃಹಪ್ರವೇಶಕ್ಕೆ ನಾನೇ ಕೊಟ್ಟಿದ್ದು. ಮನೆಗೆ ಬಂದವರು ಇದೇನು ಅಂತ ಕೇಳುತ್ತಾರೆ, ಅಕ್ಕ ನಾನು ಹೇಳಿಕೊಟ್ಟ ಅರ್ಥವನ್ನು ಹಾಗೇ ಹೇಳುತ್ತಾಳೆ, ಅವರು ಚೆನ್ನಾಗಿದೆ ಅಂತ ತಲೆದೂಗುತ್ತಾರೆ. ಆ ಅರ್ಥ ತಪ್ಪು. ತಪ್ಪು ಅಂತ ನನಗೆ ಗೊತ್ತಾದ ಮೇಲೂ ಎರಡು ವರ್ಷ ಅದು ಅಲ್ಲೇ ಇತ್ತು. ಪ್ರತಿ ಸಲ ಆ ಮನೆಗೆ ಹೋದಾಗಲೂ ಕಾಫಿ ಲೋಟ ಹಿಡಿದು ಅದರ ಎದುರಿಗೇ ಕೂತು, ಹೇಳಲೋ ಬೇಡವೋ ಅಂತ ಒದ್ದಾಡಿ, ಹೇಳದೇ ವಾಪಸ್ ಬರುತ್ತಿದ್ದೆ.

ಆ ಅಕ್ಷರವನ್ನು ಮಾತಲ್ಲೇ ಬಿಡಿಸಿ ಹೇಳುತ್ತೇನೆ. ಅದಕ್ಕೆ ಎರಡು ಭಾಗ. ಎಡಗಡೆ ಇರುವುದು ಚಿಕ್ಕದು: ತಲೆ ಮೇಲೊಂದು ಚುಕ್ಕಿ, ಕೆಳಗೆ ಬಾಗಿದ ಗೆರೆ, ಒಂದು ನಿಂತ ಗೆರೆ, ಬಗಲಲ್ಲಿ ಇನ್ನೊಂದು ಚುಕ್ಕಿ. ಇದು ಪೂಜೆಯ ಪೀಠದ ಗುರುತು. ದೇವರು, ಪೂರ್ವಜರು, ಭಾಗ್ಯ, ಹೀಗೆ ಪೂಜೆಯ ಸುತ್ತಮುತ್ತಲಿನ ಎಷ್ಟೋ ಪದಗಳ ಅಕ್ಷರಗಳಲ್ಲಿ ಎಡಕ್ಕೆ ಇದೇ ಕೂತಿರುತ್ತದೆ. ಬಲಗಡೆ ಇರುವುದು ದೊಡ್ಡದು: ಮೇಲೆ ಮೂರು ಸಣ್ಣ ಗೀಟು, ಅದರ ಕೆಳಗೆ ನಾಲ್ಕು ಕಂಡಿಯ ಕಿಟಕಿಯಂಥ ಚೌಕ, ಅದರ ಕೆಳಗೆ ಒಂದು ಅಡ್ಡ ಗೆರೆ, ನಡುವೆ ಉದ್ದಕ್ಕೆ ಇಳಿದ ಗೆರೆ. ಈ ಬಲಭಾಗವೊಂದನ್ನೇ ಬರೆದರೆ ಇವತ್ತಿನ ಚೀನೀ ಭಾಷೆಯಲ್ಲಿ "ಒಂಟಿ" ಅಂತ ಅರ್ಥ. ಬೆಂಗಳೂರಿನಲ್ಲಿ ಎರಡು ದಿನದ ಒಂದು ಧ್ಯಾನ ಶಿಬಿರಕ್ಕೆ ಹೋಗಿದ್ದಾಗ ಅಲ್ಲಿ ಹೇಳಿಕೊಡುತ್ತಿದ್ದವರು ಇದನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬರೆದರು. ಇದೇ ಝೆನ್ ಎಂಬ ಬೌದ್ಧ ಪಂಥದ ಅಕ್ಷರ, ಎಡಗಡೆ ದೇವರು, ಬಲಗಡೆ ಒಂಟಿ, ದೇವರ ಮುಂದೆ ಒಬ್ಬನೇ ನಿಲ್ಲುವುದೇ ಝೆನ್ ಅಂದರು. ಇಡೀ ಹಾಲ್ ಒಂದು ಕ್ಷಣ ಸುಮ್ಮನಾಯಿತು. ನನಗೆ ಮೈ ಜುಂ ಅಂದಿತ್ತು. ಅವತ್ತೇ ಅವರ ಕೈಲಿ ಬರೆಸಿಕೊಂಡು ಬಂದು ಫ್ರೇಮ್ ಹಾಕಿಸಿದ್ದೆ.

ಜೀರುಂಡೆಯೂ ಒಂಟಿಯಾ?

ಟೈಲ್ಸ್ ವ್ಯಾಪಾರದಲ್ಲಿ ಇರುವವರಿಗೆ ಫೋಶಾನ್ ಊರು ಗೊತ್ತೇ ಇರುತ್ತದೆ. ದಕ್ಷಿಣ ಚೀನಾದಲ್ಲಿ, ಗ್ವಾಂಗ್‌ಝೌ ಪಕ್ಕ. ಹೆಸರಿನ ಅರ್ಥ ಬುದ್ಧನ ಬೆಟ್ಟ. 628ರಲ್ಲಿ ಅಲ್ಲಿ ನೆಲ ಅಗೆದಾಗ ಬುದ್ಧನ ಮೂರು ವಿಗ್ರಹ ಸಿಕ್ಕವಂತೆ, ಅದರಿಂದ ಆ ಹೆಸರು ಅಂತ ಊರಿನವರು ಹೇಳುತ್ತಾರೆ. ಕೆಲಸದ ಮೇಲೆ ನಾನು ಅಲ್ಲಿಗೆ ಮೂರು ಸಲ ಹೋಗಿದ್ದೇನೆ. ಊರಿನ ಹಳೆಯ ನಡುಭಾಗಕ್ಕೆ ಛಾನ್‌ಛಂಗ್ ಅಂತ ಹೆಸರು. ಎರಡನೇ ಸಲ ಹೋದಾಗ ಜೂನ್ ತಿಂಗಳು, ಮೈಯೆಲ್ಲ ಅಂಟಂಟು. ರಸ್ತೆ ಬದಿಯ ನೀಲಿ ಬೋರ್ಡ್‌ನಲ್ಲಿ ಆ ಅಕ್ಷರ ಕಂಡಿತು. ಚೀನಾದ ಈಗಿನ ಬರವಣಿಗೆಯಲ್ಲಿ ಮೇಲಿನ ಮೂರು ಗೀಟಿನ ಬದಲು ಎರಡೇ ಗೀಟು, ಆದರೂ ಗುರುತು ಸಿಕ್ಕಿತು. ಪರದೇಶದ ರಸ್ತೆಯಲ್ಲಿ ಅಕ್ಕನ ಮನೆ ಗೋಡೆಯ ಅಕ್ಷರ ಕಂಡ ಖುಷಿಗೆ, ನನ್ನ ಜೊತೆಗಿದ್ದ ಕಾರ್ಖಾನೆಯ ಹಿರಿಯರಿಗೆ ಅದನ್ನು ತೋರಿಸಿ ಅದರ ಅರ್ಥ ನನಗೆ ಗೊತ್ತು ಅಂದೆ. ದೇವರ ಕಥೆ, ಒಂಟಿಯ ಕಥೆ, ಎಲ್ಲ ಹೇಳಿದೆ.

ಅವರು ನಗಲಿಲ್ಲ. ನನ್ನ ಡೈರಿ ಕೇಳಿ ತೆಗೆದುಕೊಂಡು ಅಲ್ಲೇ ಮರದ ಕೆಳಗೆ ನಿಂತು ಐದು ಅಕ್ಷರ ಬರೆದರು. ಐದರಲ್ಲೂ ಅದೇ ಕಿಟಕಿ ಚೌಕ, ಅದೇ ಉದ್ದ ಗೆರೆ. ಒಂದೊಂದೇ ಬೆರಳಿಟ್ಟು ತೋರಿಸಿದರು. ಇದರ ಪಕ್ಕದಲ್ಲಿ ಬಿಲ್ಲು ಇದೆ, ಇದು ಬಂದೂಕಿನ ಗುಂಡು, ಇದನ್ನೇ ಬೇರೆ ಥರ ಓದಿದರೆ ತಂತಿ ಮೀಟುವುದು. ಇದರ ಪಕ್ಕದಲ್ಲಿ ಆಯುಧ ಇದೆ, ಇದು ಯುದ್ಧ. ಇದರ ಪಕ್ಕದಲ್ಲಿ ಮನಸ್ಸು, ಇದು ಹೆದರಿಕೆ. ಇದರ ತಲೆ ಮೇಲೆ ಬಿದಿರು, ಇದು ಬುಟ್ಟಿ. ಐದನೆಯದಕ್ಕೆ ಬಂದಾಗ ತಲೆ ಎತ್ತಿ ಮರದ ಕಡೆ ಕೈ ತೋರಿಸಿದರು. ಮರದ ತುಂಬ ಜೀರುಂಡೆಗಳು ಕಿವಿ ತೂತಾಗುವ ಹಾಗೆ ಕೂಗುತ್ತಿದ್ದವು. ಹುಳದ ಗುರುತಿನ ಪಕ್ಕ ಅದೇ ಬಲಭಾಗ ಇಟ್ಟರೆ ಜೀರುಂಡೆ. "ಇದು ಸಿಮ್," ಅಂದರು. ಬೋರ್ಡ್ ಕಡೆ ತಿರುಗಿ, "ಅದೂ ಸಿಮ್." ಅದು ಅಲ್ಲಿನ ಕ್ಯಾಂಟನೀಸ್ ಮಾತಿನ ಉಚ್ಚಾರ. ಆಮೇಲೆ ನನಗಾಗಿ ಮ್ಯಾಂಡರಿನ್‌ನಲ್ಲಿ ಹೇಳಿದರು, ಎರಡಕ್ಕೂ ಛಾನ್. "ಹುಳ ಒಂಟಿಯಾ? ಇಷ್ಟೊಂದಿವೆ ನೋಡಿ," ಅಂದರು. ಆ ಬಲಭಾಗ ಅರ್ಥಕ್ಕಲ್ಲ, ಬರೀ ದನಿಗೆ ಅಂತ ನನಗೆ ತಿಳಿಸಿದ್ದು ಹಾಗೆ.

ಹೋಟೆಲ್‌ಗೆ ಬಂದ ಮೇಲೂ ಜೀರುಂಡೆ ಕಿವಿಯಲ್ಲೇ ಇತ್ತು. ಅಷ್ಟು ವರ್ಷ ನಾನು ಎಷ್ಟು ಜನಕ್ಕೆ ಆ ಕಥೆ ಹೇಳಿದ್ದೆ ಅಂತ ಲೆಕ್ಕ ಹಾಕುತ್ತಾ ಮಲಗಿದೆ. ನಿದ್ದೆ ಬರಲಿಲ್ಲ.

ಶು ಶೆನ್ ಆಗಲೇ ಹೇಳಿಬಿಟ್ಟಿದ್ದ

ವಾಪಸ್ ಬಂದ ಮೇಲೆ ಓದಲು ಶುರು ಮಾಡಿದೆ. ಚೀನಾದಲ್ಲಿ ಹಾನ್ ರಾಜರ ಕಾಲದಲ್ಲಿ ಶು ಶೆನ್ ಅಂತ ಒಬ್ಬ ಪಂಡಿತ ಇದ್ದ. ಕ್ರಿ.ಶ. 100ರ ಹೊತ್ತಿಗೆ ಅವನು ಒಂದು ನಿಘಂಟು ಬರೆದ. ಒಟ್ಟು 9353 ಅಕ್ಷರ, ಪ್ರತಿಯೊಂದಕ್ಕೂ ಅದು ಹೇಗೆ ಹುಟ್ಟಿತು ಎಂಬ ಒಂದು ಸಣ್ಣ ಮಾತು. ನಮ್ಮ ಅಕ್ಷರಕ್ಕೆ ಅವನು ಬರೆದಿರುವುದು ಇಷ್ಟೇ: ಆಕಾಶಕ್ಕೆ ಮಾಡುವ ಪೂಜೆ, ಪೀಠದ ಗುರುತಿನಿಂದ ಹುಟ್ಟಿದ್ದು, 'ತಾನ್' ಎಂಬುದು ದನಿ. ಮುಗೀತು. ಆ ಬಲಭಾಗದ ಹೆಸರೇ ತಾನ್. ಬರೀ ದನಿ ಅಂತ ಸುಮಾರು 1900 ವರ್ಷದ ಹಿಂದೆ ಅವನು ಕೈ ಹಿಡಿದು ತೋರಿಸಿದ್ದಾನೆ. ಚೀನೀ ಅಕ್ಷರ ಅಂದರೆ ಚಿತ್ರ, ಪ್ರತಿ ಚಿತ್ರದಲ್ಲೂ ಒಂದು ನೀತಿ ಇರುತ್ತೆ ಅಂತ ನಾವು ಹೊರಗಿನವರು ನಂಬಿಕೊಂಡಿದ್ದೇವೆ, ಅಲ್ವಾ? ಆದರೆ ಅಲ್ಲಿನ ಬಹುಪಾಲು ಅಕ್ಷರಗಳು ಹುಟ್ಟಿರುವುದು ಹೀಗೇ: ಒಂದು ತುಂಡು ಇದು ಯಾವ ಬಗೆಯ ವಿಷಯ ಅಂತ ಸುಳಿವು ಕೊಡುತ್ತದೆ, ಇನ್ನೊಂದು ತುಂಡು ಹೆಚ್ಚುಕಡಿಮೆ ಹೀಗೆ ಓದು ಅನ್ನುತ್ತದೆ.

ಹೆಚ್ಚುಕಡಿಮೆ ಅಂದೆ, ಯಾಕೆಂದರೆ ಸಾವಿರಾರು ವರ್ಷದಲ್ಲಿ ದನಿಗಳು ಸರಿದಿವೆ. ತಾನ್ ಎಂಬ ಒಂದೇ ತುಂಡು ಇಟ್ಟುಕೊಂಡ ಅಕ್ಷರಗಳನ್ನು ಇವತ್ತಿನ ಮ್ಯಾಂಡರಿನ್‌ನಲ್ಲಿ ತಾನ್, ಥಾನ್, ಚಾನ್, ಛಾನ್, ಶಾನ್ ಅಂತ ಬೇರೆ ಬೇರೆಯಾಗಿ ಓದುತ್ತಾರೆ. ಇಲ್ಲಿ ಕನ್ನಡ ಓದುಗರಿಗೆ ಒಂದು ಅನುಕೂಲ ಇದೆ. ಮ್ಯಾಂಡರಿನ್‌ನಲ್ಲಿ ತ-ಥ, ಚ-ಛ ವ್ಯತ್ಯಾಸ ತುಂಬಾ ಮುಖ್ಯ. ಅದು ನಮ್ಮ ವರ್ಣಮಾಲೆಯಲ್ಲಿ ಮೊದಲೇ ಇದೆ. ಅಲ್ಪಪ್ರಾಣ ಮಹಾಪ್ರಾಣ ಅಂತ ಒಂದನೇ ಕ್ಲಾಸಿನಲ್ಲಿ ತಿದ್ದಿದ್ದು ಫೋಶಾನ್‌ನಲ್ಲಿ ಟ್ಯಾಕ್ಸಿ ಹತ್ತಿದಾಗ ನನಗೆ ಉಪಯೋಗಕ್ಕೆ ಬಂತು. ನಮ್ಮಲ್ಲಿ ಇಲ್ಲದ್ದು ದನಿಯ ಏರಿಳಿತ. ಛಾನ್ ಅನ್ನುವಾಗ ದನಿ ಕೆಳಗಿಂದ ಮೇಲಕ್ಕೆ ಏರಬೇಕು, ನಾವು ಅನುಮಾನದಿಂದ "ಹೌದಾ?" ಅನ್ನುವ ಹಾಗೆ.

ಆ ತಾನ್ ತುಂಡು ಮೊದಲು ಯಾವುದರ ಚಿತ್ರವಾಗಿತ್ತು ಅಂತಲೂ ಹುಡುಕಿದೆ. ಮೂರು ಸಾವಿರ ವರ್ಷಕ್ಕೂ ಹಳೆಯ ಮೂಳೆ ಬರಹಗಳಲ್ಲಿ ಅದು ಕವಲೊಡೆದ ಕೋಲಿನ ಹಾಗೆ ಕಾಣುತ್ತದೆ. ಬೇಟೆಗೋ ಕಾಳಗಕ್ಕೋ ಬಳಸುತ್ತಿದ್ದ ಸಾಧನ ಅಂತ ಅನೇಕ ಪಂಡಿತರು ಓದುತ್ತಾರೆ. ಒಂಟಿ ಎಂಬ ಅರ್ಥ ಅದಕ್ಕೆ ಆಮೇಲೆ ಬಂದು ಸೇರಿದ್ದು. ಅಂದರೆ ನಾನು ಅಕ್ಕನ ಮನೆಯಲ್ಲಿ ನೇತುಹಾಕಿದ ಆ "ಒಂಟಿ" ಆ ತುಂಡಿನ ಮೂಲ ಅರ್ಥವೂ ಅಲ್ಲ.

ಬೆಟ್ಟದ ಪೂಜೆ, ಸಿಂಹಾಸನ ಬಿಡುವುದು

ಇನ್ನೊಂದು ವಿಷಯ ನನಗೆ ಮೊದಲು ಗೊತ್ತೇ ಇರಲಿಲ್ಲ. ಈ ಅಕ್ಷರ ಬೌದ್ಧ ಧರ್ಮ ಚೀನಾಕ್ಕೆ ಬರುವ ಮೊದಲೇ ಇತ್ತು. ಆಗ ಅದರ ಕೆಲಸವೇ ಬೇರೆ. ಆ ಹಳೆಯ ಅರ್ಥಗಳಲ್ಲಿ ಅದನ್ನು ಇವತ್ತಿಗೂ ಶಾನ್ ಅಂತ ಓದುತ್ತಾರೆ, ದನಿ ಮೇಲಿಂದ ಕೆಳಕ್ಕೆ ಬೀಳಬೇಕು. ಶಾಂಡೊಂಗ್ ಪ್ರಾಂತ್ಯದ ತಾಯ್ ಪರ್ವತದಲ್ಲಿ ಚಕ್ರವರ್ತಿಗಳು ಒಂದು ದೊಡ್ಡ ವಿಧಿ ಮಾಡುತ್ತಿದ್ದರು. ಬೆಟ್ಟದ ತುದಿಯಲ್ಲಿ ಆಕಾಶಕ್ಕೆ ಪೂಜೆ, ಅದಕ್ಕೆ ಫಂಗ್ ಅಂತ ಹೆಸರು. ಬುಡದ ಸಣ್ಣ ಗುಡ್ಡದಲ್ಲಿ ನೆಲ ಹಸನು ಮಾಡಿ ಭೂಮಿಗೆ ಪೂಜೆ, ಅದಕ್ಕೆ ಶಾನ್. ಶು ಶೆನ್ ಆಕಾಶ ಅಂದಿದ್ದರೂ ಈ ವಿಧಿಯಲ್ಲಿ ನಮ್ಮ ಅಕ್ಷರದ ಪಾಲಿಗೆ ಬಂದಿದ್ದು ಭೂಮಿ. ಚಿನ್ ವಂಶದ ಮೊದಲ ಚಕ್ರವರ್ತಿ ಕ್ರಿ.ಪೂ. 219ರಲ್ಲಿ ಮಾಡಿದ, ಹಾನ್ ವಂಶದ ವೂ ಚಕ್ರವರ್ತಿ ಕ್ರಿ.ಪೂ. 110ರಲ್ಲಿ. ಕೊನೆಯದಾಗಿ ನಡೆದಿದ್ದು 1008ರಲ್ಲಿ.

ಎರಡನೇ ಅರ್ಥ ಸಿಂಹಾಸನವನ್ನು ತಾನಾಗಿ ಇನ್ನೊಬ್ಬನಿಗೆ ಬಿಟ್ಟುಕೊಡುವುದು. ಯಾವ್ ಎಂಬ ಪುರಾಣ ಕಾಲದ ರಾಜ ಮಗನನ್ನು ಬಿಟ್ಟು ಯೋಗ್ಯನಾದ ಶುನ್‌ಗೆ ರಾಜ್ಯ ಕೊಟ್ಟ ಎಂಬ ಕಥೆಯಲ್ಲಿ ಈ ಅಕ್ಷರ ಬರುತ್ತದೆ. ಮೂರು ರಾಜ್ಯಗಳ ಕಾಲದಲ್ಲಿ ಲ್ಯೂ ಬೇ ಎಂಬ ರಾಜ ತನ್ನ ಮಗನಿಗೆ ಇದೇ ಅಕ್ಷರವನ್ನು ಹೆಸರಾಗಿ ಇಟ್ಟ, ಲ್ಯೂ ಶಾನ್ ಅಂತ. ಅವನ ಸಾಕುಮಗನ ಹೆಸರು ಲ್ಯೂ ಫಂಗ್. ಇಬ್ಬರನ್ನೂ ಸೇರಿಸಿದರೆ ತಾಯ್ ಪರ್ವತದ ಆ ವಿಧಿಯ ಹೆಸರೇ ಆಗುತ್ತದೆ. ಆ ತಂದೆಗೆ ಎಷ್ಟು ದೊಡ್ಡ ಆಸೆ ಇತ್ತು ಅಂತ ಇದರಿಂದಲೇ ತಿಳಿಯುತ್ತದೆ. ಆ ಲ್ಯೂ ಶಾನ್ 263ರಲ್ಲಿ ಶತ್ರುವಿಗೆ ಶರಣಾಗಿ ರಾಜ್ಯ ಬಿಟ್ಟುಕೊಟ್ಟ. ಅವನ ಹೆಸರನ್ನು ಶಾನ್ ಅಂತ ಓದಬೇಕೋ ಛಾನ್ ಅಂತಲೋ ಎಂಬ ವಾದ ಚೀನಾದಲ್ಲಿ ಇನ್ನೂ ನಡೆಯುತ್ತದೆ.

ಸಂಧ್ಯಾ ಸಂಜೆ, ಧ್ಯಾನ ಜಾನ

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರದ ಜಾಗಕ್ಕೆ ಬರುತ್ತೇನೆ. ಏಳನೇ ಕ್ಲಾಸಿನಲ್ಲಿ ತತ್ಸಮ ತದ್ಭವ ಬಾಯಿಪಾಠ ಮಾಡಬೇಕಿತ್ತು. ಮನೆಯಲ್ಲಿ ಅಜ್ಜ ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸುತ್ತಾ ಕೇಳುತ್ತಿದ್ದರು, ನಾನು ಕಂಬ ಹಿಡಿದು ತಿರುಗುತ್ತಾ ಹೇಳುತ್ತಿದ್ದೆ. ಅವರು ವಿದ್ಯಾ ಅಂದರೆ ನಾನು ಬಿಜ್ಜೆ. ವಂಧ್ಯಾ ಅಂದರೆ ಬಂಜೆ. ಸಂಧ್ಯಾ ಅಂದರೆ ಸಂಜೆ. ಧ್ಯಾನ ಅಂದಾಗ ನಾನು ತಡವರಿಸಿದೆ. ಅಜ್ಜ ಅಡಕತ್ತರಿ ನಿಲ್ಲಿಸಿ, "ಬಾಯಿಪಾಠ ಬೇಡ ಮಗಾ, ಬಾಯಲ್ಲಿ ಹೇಳಿ ನೋಡು. ಸಂಧ್ಯಾ ಸಂಧ್ಯಾ ಅಂತ ಬೇಗ ಬೇಗ ಹೇಳು. ಎಲ್ಲಿಗೆ ಹೋಗ್ತದೆ ನಾಲಿಗೆ?" ಅಂದರು. ಹೇಳಿ ನೋಡಿದೆ. ನಾಲಿಗೆ ತಾನಾಗಿ ಸಂಜೆ ಕಡೆಗೆ ಜಾರುತ್ತಿತ್ತು. "ಈಗ ಧ್ಯಾನ ಹೇಳು," ಅಂದರು. ಧ್ಯಾನ, ಧ್ಯಾನ, ಜಾನ. ಹಳಗನ್ನಡದಲ್ಲಿ ಧ್ಯಾನಕ್ಕೆ ಜಾನ ಎಂಬ ತದ್ಭವ ಇದೆ. ನಾನು ಅದನ್ನು ಪುಸ್ತಕದಲ್ಲಿ ಓದುವ ಮೊದಲು ನಾಲಿಗೆಯಲ್ಲಿ ಕಲಿತೆ.

ಚೀನಾದಲ್ಲೂ ಆಗಿದ್ದು ಇದೇ. ಭಾರತದ ಧ್ಯಾನ ಪಾಲಿಯಲ್ಲಿ ಝಾನ. ವಾಯವ್ಯ ಭಾರತದಿಂದ, ಮಧ್ಯ ಏಷ್ಯಾದ ದಾರಿಯಿಂದ ಚೀನಾಕ್ಕೆ ಹೋದ ಭಿಕ್ಷುಗಳ ಬಾಯಲ್ಲೂ ಇಂಥದೇ ಪ್ರಾಕೃತದ ಜಾಡು ಇತ್ತು. ಈಗಿನ ಇರಾನ್ ಕಡೆಯ ಪಾರ್ಥಿಯಾದಿಂದ ಬಂದ ಆನ್ ಶಿಗಾವ್ 148ರಲ್ಲಿ ಲೋಯಾಂಗ್ ತಲುಪಿ ಉಸಿರಿನ ಮೇಲೆ ಗಮನ ಇಡುವ ಧ್ಯಾನದ ಬಗೆಗಿನ ಗ್ರಂಥಗಳನ್ನು ಚೀನೀ ಭಾಷೆಗೆ ತಂದ. 401ರಲ್ಲಿ ಕುಮಾರಜೀವ ಚಾಂಗಾನ್ ನಗರಕ್ಕೆ ಬಂದು ಎಷ್ಟೋ ಗ್ರಂಥ ಅನುವಾದಿಸಿದ, ಅದರಲ್ಲಿ ಕೂತು ಮಾಡುವ ಧ್ಯಾನದ ಬಗ್ಗೆಯೂ ಒಂದಿದೆ. ಇವರೆಲ್ಲರಿಗೂ ಇದ್ದ ಕಷ್ಟ ಒಂದೇ. ಝಾನ ಎಂಬ ದನಿಯನ್ನು ಚೀನೀ ಅಕ್ಷರದಲ್ಲಿ ಬರೆಯುವುದು ಹೇಗೆ? ಅಲ್ಲಿ ವರ್ಣಮಾಲೆ ಇಲ್ಲ. ದನಿಗೆ ಹೊಂದುವ ಅಕ್ಷರ ಹುಡುಕಬೇಕು. ಬೆಟ್ಟದ ಪೂಜೆಯ ಈ ಹಳೆಯ ಅಕ್ಷರವನ್ನು ಆಗ ಸುಮಾರು ಜಾನ್ ಅಂತ ಓದುತ್ತಿದ್ದರು ಅಂತ ಹಳೆಯ ಉಚ್ಚಾರ ಕಟ್ಟಿಕೊಡುವ ಪಂಡಿತರು ಹೇಳುತ್ತಾರೆ. ಅದನ್ನೇ ಎತ್ತಿಕೊಂಡರು. ಹಿಂದೆ 'ನಾ' ಎಂಬ ಇನ್ನೊಂದು ಅಕ್ಷರ ಸೇರಿಸಿ ಪೂರ್ತಿಯಾಗಿಯೂ ಬರೆಯುತ್ತಿದ್ದರು, ಇವತ್ತಿನ ಓದಿನಲ್ಲಿ ಅದು ಛಾನ್‌ನಾ. ಬರುಬರುತ್ತಾ ಬಾಲ ಕಳಚಿತು. ಛಾನ್ ಉಳಿಯಿತು.

ಎಡಗಡೆ ಪೂಜಾ ಪೀಠ ಇರುವ ಅಕ್ಷರವೇ ಸಿಕ್ಕಿದ್ದು ಅವರಿಗೆ ಸಂತೋಷ ಕೊಟ್ಟಿರಲೇಬೇಕು ಅಂತ ನನಗೆ ಅನ್ನಿಸುತ್ತದೆ. ಬೇರೆ ಪದಗಳಿಗೆ ಹೊಸ ಅಕ್ಷರವನ್ನೇ ಕಟ್ಟಿದ್ದೂ ಉಂಟು. ಬುದ್ಧನನ್ನು ಕಾಡಿದ ಮಾರನಿಗೆ ದೆವ್ವದ ಗುರುತಿನ ಮೇಲೆ 'ಮಾ' ಎಂಬ ದನಿ ಕೂರಿಸಿ ಒಂದು ಅಕ್ಷರ ಮಾಡಿದರು. ಸಂಘ ಎಂಬುದಕ್ಕೆ ಮನುಷ್ಯನ ಗುರುತಿನ ಪಕ್ಕ ದನಿಯ ತುಂಡು ಇಟ್ಟರು, ಅದು ಇವತ್ತು ಸಂಗ್ ಆಗಿ ಭಿಕ್ಷು ಎಂಬ ಅರ್ಥ ಕೊಡುತ್ತದೆ. ಹೀಗೆ ಒಂದೊಂದು ಪದಕ್ಕೂ ಯಾರೋ ಒಬ್ಬರು ದೀಪದ ಮುಂದೆ ಕೂತು, ಪರದೇಶಿ ಭಿಕ್ಷುವಿನ ಬಾಯನ್ನೇ ನೋಡುತ್ತಾ, ಇನ್ನೊಂದು ಸಲ ಹೇಳಿ ಸ್ವಾಮಿ ಅಂತ ಕೇಳಿ ಕೇಳಿ ಬರೆದಿರಬೇಕು. ದೇವರ ಮುಂದೆ ಒಬ್ಬನೇ ಎಂಬ ಕಥೆಗಿಂತ ನನಗೆ ಈಗ ಆ ದೃಶ್ಯವೇ ಜಾಸ್ತಿ ಇಷ್ಟ.

ನಾಲ್ಕು ದೇಶ, ನಾಲ್ಕು ಬಾಯಿ

ಚೀನಾದ ಅಕ್ಷರ ನೆರೆಯ ದೇಶಗಳಿಗೂ ಹೋಯಿತು. ಅಕ್ಷರ ಅದೇ, ಬಾಯಿ ಬೇರೆ. ಚೀನಾದ ಹೆಚ್ಚಿನ ಕಡೆ ಹಳೆಯ ಜಕಾರದ ಗುಡುಗು ಹೋಗಿ ಛ ಅಥವಾ ಸ ಆಯಿತು. ವಿಯೆಟ್ನಾಮ್‌ನಲ್ಲಿ ಥಿಯೆನ್. ಕೊರಿಯಾದಲ್ಲಿ ಸನ್ ಮತ್ತು ಸೊನ್ ನಡುವಿನ ಒಂದು ದನಿ. ಜಪಾನಿನವರು ಬೌದ್ಧ ಪದಗಳನ್ನು ಕಲಿತಿದ್ದು ತುಂಬಾ ಹಿಂದೆ, ಜಕಾರದ ಗುಡುಗು ಇನ್ನೂ ಇದ್ದ ಕಾಲದ ಓದಿನಲ್ಲಿ. ಹಾಗಾಗಿ ಅವರ ಬಾಯಲ್ಲಿ ಅದು ಝೆನ್ ಆಗಿ ಉಳಿಯಿತು. ಇಪ್ಪತ್ತನೇ ಶತಮಾನದಲ್ಲಿ ಡಿ.ಟಿ. ಸುಝುಕಿಯಂಥ ಜಪಾನಿನ ಲೇಖಕರು ಇಂಗ್ಲಿಷ್‌ನಲ್ಲಿ ಬರೆದು ಜಗತ್ತಿಗೆ ಹೇಳಿದ್ದರಿಂದ ಜಗತ್ತು ಛಾನ್ ಅನ್ನಲಿಲ್ಲ, ಝೆನ್ ಅಂದಿತು. ಅಲ್ಲಿಂದ ಅದು ನಮಗೆ ಬಂತು.

ಇಲ್ಲೊಂದು ಸಣ್ಣ ವಿಷಯ ಇದೆ. ಕನ್ನಡದಲ್ಲಿ ಈ ದನಿಗೆ ಸರಿಯಾದ ಅಕ್ಷರ ಇಲ್ಲ. ಹಾಗಾಗಿ ನಾವು ಝ ಹಾಕುತ್ತೇವೆ. ಝೆನ್. ಈ ಝ ಬಂದಿರುವುದು ಇಂಗ್ಲಿಷ್‌ನ ಕೊನೆಯ ಅಕ್ಷರಕ್ಕಾಗಿ ಅಷ್ಟೇ, ಪಾಲಿಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಝೆನ್ ಮತ್ತು ಝಾನ ಎರಡನ್ನೂ ಒಂದರ ಪಕ್ಕ ಒಂದು ಬರೆದು ನೋಡಿ. ಧ್ಯಾನ ಎರಡು ಸಾವಿರ ವರ್ಷ ಸುತ್ತಿ ಬಂದು ಕನ್ನಡ ಲಿಪಿಯಲ್ಲಿ ಮತ್ತೆ ಅದೇ ಅಕ್ಷರದ ಕೆಳಗೆ ನಿಂತಿದೆ. ಇದು ಬರೀ ಕಾಕತಾಳೀಯ ಅಂತ ಗೊತ್ತು. ಆದರೂ ಮೊದಲ ಸಲ ಇದು ಹೊಳೆದಾಗ ಬಸ್ಸಿನಲ್ಲಿ ಕೂತಿದ್ದೆ, ಇಳಿಯುವ ಸ್ಟಾಪ್ ದಾಟಿ ಹೋಯಿತು. ಚಿಕ್ಕವನಿದ್ದಾಗ ಅಮ್ಮ ಊಟಕ್ಕೆ ಬಡಿಸುತ್ತಾ "ಎಲ್ಲೋ ನಿನ್ನ ಧ್ಯಾನ?" ಅಂತ ಗದರುತ್ತಿದ್ದಳಲ್ಲ, ಅದೇ ಧ್ಯಾನ ಇದು.

ಮೂರನೇ ಸಲ ಚೀನಾಕ್ಕೆ ಹೋದಾಗ ಒಂದು ಭಾನುವಾರ ಗ್ವಾಂಗ್‌ಝೌದ ಹ್ವಾಲಿನ್ ದೇವಾಲಯಕ್ಕೆ ಹೋದೆ. ಹಸಿರು ಕಲ್ಲಿನ ಒಡವೆ ಅಂಗಡಿಗಳ ಗಲ್ಲಿ ದಾಟಿ ಒಳಗೆ ಹೋಗಬೇಕು. ದಕ್ಷಿಣ ಭಾರತದಿಂದ ಸಮುದ್ರ ದಾಟಿ ಬಂದ ಬೋಧಿಧರ್ಮ ಮೊದಲು ಕಾಲಿಟ್ಟಿದ್ದು ಇಲ್ಲಿ ಅಂತ ಅಲ್ಲಿನ ನಂಬಿಕೆ. ಛಾನ್ ಪಂಥಕ್ಕೆ ಅವನೇ ಮೂಲಪುರುಷ. ಆ ಪಂಥದ ಆರನೇ ಗುರು ಹ್ವೈನಂಗ್ ಇದೇ ಗ್ವಾಂಗ್‌ಡೊಂಗ್ ಪ್ರಾಂತ್ಯದವನು, ಕಾಡಿನಿಂದ ಸೌದೆ ತಂದು ಮಾರುತ್ತಿದ್ದವನು. 713ರಲ್ಲಿ ತೀರಿಕೊಂಡ. ಅವನಿಗೆ ಓದು ಬರಹ ಬರುತ್ತಿರಲಿಲ್ಲವಂತೆ. ಒಬ್ಬ ಸನ್ಯಾಸಿನಿ ಗ್ರಂಥ ಹಿಡಿದು ಬಂದು ಈ ಅಕ್ಷರ ಏನು ಅಂತ ಕೇಳಿದಾಗ, ಅಕ್ಷರ ನನಗೆ ಗೊತ್ತಿಲ್ಲ, ಅರ್ಥ ಬೇಕಾದರೆ ಕೇಳು ಅಂದನಂತೆ. ಆ ಕಥೆ ನೆನಪಾಗಿ ಅಂಗಳದ ಕಲ್ಲಿನ ಮೇಲೆ ತುಂಬಾ ಹೊತ್ತು ಕೂತೆ. ನನಗೆ ಗೊತ್ತಿದ್ದಿದ್ದು ಒಂದು ಅಕ್ಷರ. ಅದರ ಅರ್ಥವನ್ನು ಯಾರನ್ನೂ ಕೇಳದೆ ಎಲ್ಲರಿಗೂ ಹೇಳಿದ್ದೆ. ಈ ದೀಪಾವಳಿಗೆ ಅಕ್ಕನಿಗೆ ಹೇಳಿಬಿಡಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಹೇಳಿದೆ. ನರಕ ಚತುರ್ದಶಿಯ ದಿನ, ಎಣ್ಣೆ ಸ್ನಾನ ಆದಮೇಲೆ, ಎಲ್ಲರೂ ಹಾಲ್‌ನಲ್ಲಿ ಕೂತಿದ್ದಾಗ. ಅಕ್ಕ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. "ನಾನು ಎಷ್ಟು ಜನಕ್ಕೆ ಹೇಳಿದ್ದೀನಲ್ಲೋ," ಅಂದಳು. ಭಾವ, "ಇರಲಿ ಬಿಡಪ್ಪಾ, ನೋಡೋಕೆ ಚೆನ್ನಾಗಿದೆ," ಅಂದರು. ನಾನು ಫ್ರೇಮ್ ಇಳಿಸಿ ಹಿಂದಿನ ಹಲಗೆ ಬಿಚ್ಚಿ, ನನ್ನ ಕೈಬರಹದ ಪಟ್ಟಿ ತೆಗೆದೆ. ಆರನೇ ಕ್ಲಾಸಿನ ಸೊಸೆ ಪಕ್ಕದಲ್ಲೇ ಬಂದು ಕೂತಿದ್ದಳು. "ಹಾಗಾದ್ರೆ ಇದನ್ನ ಏನಂತ ಓದ್ಬೇಕು ಮಾಮ?" ಅಂದಳು. ಧ್ಯಾನ ಅಂತ ಬೇಗ ಬೇಗ ಹೇಳು ಅಂದೆ. ನಾಲ್ಕು ಸಲಕ್ಕೆ ಜಾನ ಬಂತು, ಅವಳೇ ಬೆಚ್ಚಿ ನನ್ನ ಮುಖ ನೋಡಿದಳು. ಸ್ಕೆಚ್ ಪೆನ್ ತಂದು ಹೊಸ ಪಟ್ಟಿಯ ಮೇಲೆ 'ಜಾನ' ಅಂತ ದುಂಡಗೆ ಬರೆದು ಅಂಟಿಸಿದಳು.

"ಮತ್ತೆ ಸಂಜೆ ಅನ್ನೋದನ್ನ ಅವರು ಹೇಗೆ ಬರೀತಾರೆ?" ಅಂತ ಕೇಳಿದಳು. ಅದು ಮಾತ್ರ ನಿಜವಾಗಿಯೂ ಚಿತ್ರ ಅಂತ ಹೇಳಿ, ಅವಳ ಪುಸ್ತಕದ ಮೂಲೆಯಲ್ಲಿ ಮೂರೇ ಗೆರೆ ಎಳೆದು ತೋರಿಸಿದೆ. ಮೊದಲು ಅದು ಬಿದಿಗೆ ಚಂದ್ರ ಆಗಿತ್ತು.